ಗ್ರಾಮಸಭೆಯೆಂಬ ದೊಡ್ಡವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಗ್ರಾಮಸಭೆಯವರ ಸನ್ನಿಧಿಗೆ,

ಮುತ್ತಿನಕೊಪ್ಪದ ಕಡೆಯ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಈ ಮೂರು ತಾಲ್ಲೂಕಿನಲ್ಲಿ ತಮಗಿಂತ ದೊಡ್ಡವರಿಲ್ಲ ಎಂದು ನಂಬಿರುವವನು ನಾನು. ಶಾಸಕರು, ಸಂಸದರು ನಾವು ಆರಿಸಿ ಕಳಿಸಿದವರು. ತಾವಾದರೋ ನಾವೇ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಸೇರಿದರೆ ಗ್ರಾಮಸಭೆ ಎಂದು ಸಂವಿಧಾನದ 243ನೇ ವಿಧಿಯೇ ಹೇಳಿದೆ. ಆ ಸಲುಗೆಯಿಂದ ಕೆಲವು ಅರಿಕೆ ಮಾಡಿಕೊಳ್ಳುತ್ತೇನೆ; ಮಾತು ಹೆಚ್ಚಾದರೆ ಮನ್ನಿಸಬೇಕು.

ಮೊದಲು ಉಪಕಾರಸ್ಮರಣೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ನಮ್ಮ ತಾಲ್ಲೂಕಿನ ಗದ್ದೆ, ತೋಟ, ಮನೆಗಳು ಹಿನ್ನೀರಿನ ಪಾಲಾದವು. ಊರನ್ನು ಕೂರಿಸಿಕೊಂಡು ಅಭಿಪ್ರಾಯ ಕೇಳಬೇಕೆಂದು ಯಾವ ಸಂವಿಧಾನವೂ ಆಗ ಹೇಳುತ್ತಿರಲಿಲ್ಲ. ಆಮೇಲೆ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯ್ದೆ ಬಂತು, ಮಂಡಲ ಪಂಚಾಯಿತಿ ಬಂತು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ತಾವು ಸಂವಿಧಾನದ ಪುಟಕ್ಕೇ ಏರಿದಿರಿ. ಪ್ರಜಾಪ್ರಭುತ್ವದ ಮಾತೆತ್ತಿದರೆ ಎಲ್ಲರೂ ಬೆರಳು ತೋರುವ ಅಮೆರಿಕದಲ್ಲೂ ಈ ಭಾಗ್ಯ ಇಲ್ಲ. ಒಕ್ಕೂಟಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ, ಇಲ್ಲವೇ ಜನರಿಗೆ ಸೇರಿದ್ದು ಎಂದು 1791ರಲ್ಲಿ ಒಪ್ಪಿದ ಹತ್ತನೇ ತಿದ್ದುಪಡಿ ಹೇಳುತ್ತದೆ. ಊರಾಡಳಿತದ ಹೆಸರು ಅವರ ಸಂವಿಧಾನದಲ್ಲಿ ಎಲ್ಲೂ ಬರುವುದಿಲ್ಲ.

ಹಾಗಿದ್ದೂ ಅಲ್ಲಿನ ವರ್ಮಾಂಟ್ ರಾಜ್ಯದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆಯ ದಿನ. ಅಂದು ರಾಜ್ಯಕ್ಕೆ ರಜೆ. ರಸ್ತೆಗೆಷ್ಟು, ಊರಿನ ಖರ್ಚಿಗೆಷ್ಟು ಎಂಬುದನ್ನು ಹಲವು ಊರುಗಳಲ್ಲಿ ಸಭೆಗೆ ಬಂದ ಮತದಾರರೇ ಚರ್ಚಿಸಿ, ಅಲ್ಲೇ ಮತ ಹಾಕಿ ತೀರ್ಮಾನಿಸುತ್ತಾರೆ. ಹಿಂದಿನ ವರ್ಷದ ಲೆಕ್ಕ ಸಭೆಗೆ ಮುಂಚೆಯೇ ಅವರ ಕೈಗೆ ಸಿಕ್ಕಿರುತ್ತದೆ.

ತಾವು ಆರು ತಿಂಗಳಿಗೊಮ್ಮೆಯಾದರೂ ದಯಮಾಡಿಸಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಬರುತ್ತೀರಿ, ಅದಕ್ಕೆ ಕೃತಜ್ಞರು. ಆದರೆ ಕೊನೆಕೊಯ್ಲಿನ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ನಾವು ಹೇಗೆ ಬರುವುದು? ಕೊನೆಗಾರ ಸಿಗುವುದೇ ಕಷ್ಟ, ಸಿಕ್ಕ ದಿನ ತೋಟ ಬಿಟ್ಟು ಬರಲಾಗದು. ಇಳಿಸಿದ ಹಸಿ ಅಡಿಕೆ ಸುಲಿದು ಬೇಯಿಸಬೇಕು. ಅದು ನಾಳೆಗೆ ನಿಲ್ಲುವ ಕೆಲಸವಲ್ಲ. ಸುಲಿಯಲು ಕೂತ ಹೆಂಗಸರಂತೂ ಏಳುವ ಹಾಗೇ ಇಲ್ಲ. ಹೆಂಗಸರು ಸಭೆಯಲ್ಲಿ ಇರಲೇಬೇಕೆಂದು ಕಾನೂನು ಹೇಳುವುದು ಇಂಥವರನ್ನು ನೆನೆದೇ ಅಲ್ಲವೇ?

ಇನ್ನು ಕೋರಂ. ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ನಾನು ಕೂತಿದ್ದ ಒಂದು ಸಭೆಯಲ್ಲಿ, ಊರಿನ ಹೆಸರು ಬೇಡ, ಮುಕ್ಕಾಲು ಪಾಲು ಕುರ್ಚಿ ಖಾಲಿಯಿತ್ತು. ಹಾಜರಿ ಪುಸ್ತಕ ಒಳಗಿನವರ ಸಹಿ ಮುಗಿಸಿ ಹೊರಗೆ ಹೋಯಿತು. ಪಡಿತರಕ್ಕೆ ಸಾಲು ನಿಂತವರ ಸಹಿ, ಬಸ್ಸಿಗೆ ಕಾಯುತ್ತಿದ್ದವರ ಸಹಿ ಹಾಕಿಸಿಕೊಂಡು ಒಳಗೆ ಬಂತು. ಕೋರಂ ಆಯಿತು ಎಂದು ಸಾರಿದರು. ಇದೇ ಶೃಂಗೇರಿ ಕ್ಷೇತ್ರದಲ್ಲಿ 2023ರ ಮೇ ತಿಂಗಳಲ್ಲಿ ಘೋಷಣೆಯಾದ ಗೆಲುವಿನ ಅಂತರ ಬರೀ 201 ಮತ. ಒಂದೊಂದು ಮತಕ್ಕೂ ಅಷ್ಟು ಬೆಲೆ ಕೊಡುವ ನಾಡಿನಲ್ಲಿ ತಮ್ಮ ಸದಸ್ಯರ ತಲೆ ಎಣಿಸುವವರಿಲ್ಲದ್ದು ನನಗೆ ನೋವು ತಂದಿದೆ.

ಅವತ್ತು ಎದ್ದು ನಿಂತವರು ಒಬ್ಬರೇ, ಒಬ್ಬರು ಅಜ್ಜಿ. ಅವರ ಮನೆಗೂ ರಸ್ತೆಗೂ ನಡುವೆ ಹಳ್ಳ. ಅದಕ್ಕೆ ಅಡಿಕೆ ದಬ್ಬೆ ಹಾಸಿದ ಸಂಕ. ಮಳೆಗಾಲದಲ್ಲಿ ದಬ್ಬೆ ಪಾಚಿಗಟ್ಟಿ ಜಾರುತ್ತದೆ, ಶಾಲೆ ಮಕ್ಕಳನ್ನು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಬೇಕು. “ಹೋದ್ಸಲ ಕಾಲುಸಂಕ ಅಂತ ಬರ್ಕೊಂಡ್ರಲ್ಲ ಮಾರಾಯ್ರೇ, ಅದೇನಾಯ್ತು?” ಎಂದರು. “ಈ ಸಲಾನೂ ಬರ್ಕೊಂಡಿದೀವಿ ಅಮ್ಮ” ಎಂಬ ಉತ್ತರ ಬಂತು. ಹಿಂದಿನ ನಡವಳಿ ಓದಿ, ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಹೇಳಿದ್ದರೆ ಅಜ್ಜಿಗೆ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ದುಡ್ಡಿಲ್ಲ ಎನ್ನುವುದರಲ್ಲೂ ಸತ್ಯವಿದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ ನೂರಕ್ಕೆ ಅರವತ್ತು ಪಾಲನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರು. ಹಾಗಾದರೆ ಉಳಿದ ನಲವತ್ತು ಯಾವ ಕೆಲಸಕ್ಕೆ ಹೋಯಿತು ಎಂಬುದನ್ನಾದರೂ ಮೈಕಿನಲ್ಲಿ ಓದಿ ಹೇಳಬೇಕಲ್ಲವೇ?

ತಾವು ಗಟ್ಟಿಯಾಗಿರಬೇಕು ಎಂದು ಹಟ ಹಿಡಿಯುವುದಕ್ಕೆ ಕಾರಣ ಕಾಲುಸಂಕ ಮಾತ್ರವಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ 2014ರಿಂದ 2024ರವರೆಗೆ ಆರು ಸಲ ಕರಡು ಅಧಿಸೂಚನೆ ಬಂದಿದೆ. ನಮ್ಮ ಮೂರೂ ತಾಲ್ಲೂಕಿನ ಹಳ್ಳಿಗಳು ಪಟ್ಟಿಯಲ್ಲಿವೆ. 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳರು ಇದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಿ ಎಂದಿದ್ದರು. ಆ ಸಲಹೆ ಮೂಲೆಗೆ ಹೋಯಿತು, ಊರೂರಲ್ಲಿ ಭಯ ಉಳಿಯಿತು. ಅರಣ್ಯಹಕ್ಕು ಕಾಯ್ದೆಯಲ್ಲಿ ಅರ್ಜಿಯನ್ನು ಮೊದಲು ಪರಿಶೀಲಿಸಿ ನಿರ್ಣಯ ಮಾಡುವ ಅಧಿಕಾರ ಇರುವುದೂ ತಮಗೇ. ಮೂರು ತಲೆಮಾರಿನ ವಾಸಕ್ಕೆ ಸಾಕ್ಷಿ ಹೇಳಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಸಹಿಯಲ್ಲೇ ಸೇರಿ ಸಹಿಯಲ್ಲೇ ಮುಗಿಯುವ ಸಭೆಯ ನಿರ್ಣಯಕ್ಕೆ ನಾಳೆ ದೆಹಲಿಯಲ್ಲಾಗಲಿ ಕೋರ್ಟಿನಲ್ಲಾಗಲಿ ಯಾರು ಬೆಲೆ ಕೊಡುತ್ತಾರೆ?

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಕೊಯ್ಲು ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ ಬನ್ನಿ. ಹಿಂದಿನ ಸಭೆಯ ತೀರ್ಮಾನಗಳ ಗತಿಯನ್ನು ಒಂದು ವಾರ ಮೊದಲೇ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸಿ. ಜನ ಸಾಲದಿದ್ದರೆ ಸಭೆ ಮುಂದೂಡಿ, ಅದರಲ್ಲಿ ಅವಮಾನವಿಲ್ಲ.

ಓದುಗರಲ್ಲೂ ಒಂದು ಮಾತು. ಮುಂದಿನ ಸಭೆಗೆ ಮನೆಯಿಂದ ಒಬ್ಬರಾದರೂ ಹೋಗಿ ಕೂತುಕೊಳ್ಳಿ. ಹೋಗಲಾಗದೆ ಉಳಿದು, ಸಭೆ ಮುಗಿದ ಮೇಲೆ ಹಾಜರಿ ಪುಸ್ತಕ ಮನೆ ಬಾಗಿಲಿಗೆ ಬಂದರೆ ದಯವಿಟ್ಟು ಸಹಿ ಹಾಕಬೇಡಿ.

ಇತಿ ತಮ್ಮ ವಿಧೇಯ ಸದಸ್ಯ,
ಮುತ್ತಿನಕೊಪ್ಪದ ಕಡೆಯ ಒಬ್ಬ ಮತದಾರ