ಓದಲಿ ಬಿಡಿ ಅಕ್ಕಾ

ಓದಲಿ ಬಿಡಿ ಅಕ್ಕಾ, ಬಯ್ಯಬೇಡಿ. ನಿಮ್ಮ ಮಹಡಿ ಕೋಣೆಯ ದೀಪ ನಡುರಾತ್ರಿ ಆದ್ರೂ ಉರೀತಿತ್ತು, ನಾನೂ ನೋಡ್ದೆ. ಹ್ಯಾರಿ ಪಾಟರ್ ಎರಡನೇ ಪುಸ್ತಕವಂತೆ ಅಲ್ವಾ? ಮೊದಲನೆಯದನ್ನ ನಿಧಾನಕ್ಕೆ ಓದಿದ ಹುಡುಗ ಎರಡನೆಯದನ್ನ ಊಟದ ತಟ್ಟೆ ಪಕ್ಕದಲ್ಲೂ ಇಟ್ಕೊಳ್ತಾನೆ ಅಂತೀರಲ್ಲ, ಅದಕ್ಕೆ ಕಾರಣ ಇದೆ. ಮೊದಲ ಪುಸ್ತಕದಲ್ಲಿ ಊರು ಯಾವುದು, ಇವರು ಯಾರು, ಅಲ್ಲಿನ ಕಟ್ಟುಕಟ್ಟಳೆ ಏನು ಅಂತ ತಿಳ್ಕೊಳ್ಳೋದರಲ್ಲೇ ಅರ್ಧ ಹೊತ್ತು ಹೋಗುತ್ತೆ. ಎರಡನೆಯದಕ್ಕೆ ಬರೋ ಹೊತ್ತಿಗೆ ಎಲ್ಲರೂ ನಮ್ಮವರೇ. ಅವರಿಗೆ ಏನಾದ್ರೂ ಆದ್ರೆ ನಮ್ಮ ಎದೆ ಹೊಡ್ಕೊಳ್ಳೋಕೆ ಶುರು.

ನೀವು ಕಾಶಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಅದಕ್ಕೆ ಹೇಳ್ತೀನಿ. ಎರಡನೇ ಪುಸ್ತಕದ ಹುಚ್ಚು ಈ ಊರಿಗೆ ಹೊಸದಲ್ಲ. ದೇವಕೀನಂದನ ಖತ್ರಿ ಅಂತ ಇಲ್ಲೊಬ್ಬರಿದ್ದರು. 1861ರಲ್ಲಿ ಬಿಹಾರದ ಕಡೆ, ತಾಯಿಯ ತವರಲ್ಲಿ ಹುಟ್ಟಿದವರು. ಕಾಶಿ ಮಹಾರಾಜರಿಂದ ಚಕಿಯಾ, ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದರು. ಮರದ ಲೆಕ್ಕ ನೋಡೋಕೆ ಹೋದ ಮನುಷ್ಯ ಕಾಡೊಳಗಿನ ಪಾಳು ಕೋಟೆ, ಗುಹೆ, ಕಣಿವೆ ಎಲ್ಲ ಸುತ್ತಿ ಬಂದರು. 1888ರಲ್ಲಿ ‘ಚಂದ್ರಕಾಂತಾ’ ಬಂತು. ನಾಲ್ಕು ಭಾಗ. ನೌಗಢದ ರಾಜಕುಮಾರ ವೀರೇಂದ್ರ ಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ನಡುವೆ ಅಡ್ಡ ಬರೋ ಕ್ರೂರ ಸಿಂಹ, ಚುನಾರದ ಶಿವದತ್ತ.

ಹ್ಞೂಂ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರ್ತಿತ್ತಲ್ಲ, ಅದೇ. 1994ರಲ್ಲಿ ಶುರುವಾಗಿದ್ದು. ಆದರೆ ಧಾರಾವಾಹಿಯೇ ಬೇರೆ, ಪುಸ್ತಕವೇ ಬೇರೆ ಅಕ್ಕಾ. ಪುಸ್ತಕದಲ್ಲಿ ಮಂತ್ರಮಾಟ ಇಲ್ಲ. ತಿಲಿಸ್ಮ್ ಅಂದ್ರೆ ಹಿಂದಿನ ರಾಜರು ತಮ್ಮ ವಂಶದ ಒಬ್ಬನಿಗೋಸ್ಕರ ನಿಧಿ ಅಡಗಿಸಿ ಕಟ್ಟಿಸಿದ ಗೂಢ ಕಟ್ಟಡ. ಒಳಗೆ ಕಲ್ಲಿನ ಕೊಕ್ಕರೆ ಬಾಯಿ ತೆರೆದು ಮನುಷ್ಯರನ್ನ ನುಂಗುತ್ತೆ. ಮೈ ಜುಮ್ಮೆನ್ನುತ್ತೆ. ಆಮೇಲೆ ಅದು ಹೇಗೆ ಕೆಲಸ ಮಾಡ್ತಿತ್ತು ಅಂತ ಖತ್ರಿಯವರೇ ಬಿಡಿಸಿ ಹೇಳ್ತಾರೆ, ಯಂತ್ರ ಇಂಥದ್ದು, ಔಷಧ ಇಂಥದ್ದು ಅಂತ. ಮಕ್ಕಳಿಗೆ ಇಷ್ಟು ಮರ್ಯಾದೆ ಕೊಟ್ಟು ಕತೆ ಹೇಳೋರು ಎಷ್ಟು ಜನ ಸಿಗ್ತಾರೆ?

ಐಯಾರರು ಅಂತ ಬರ್ತಾರೆ. ವೇಷ ಹಾಕೋದು, ಓಡೋದು, ಹಾಡೋದು, ಗೂಢಚರ್ಯೆ ಎಲ್ಲ ಬಲ್ಲ ಆಸ್ಥಾನದ ಚತುರರು. ಹೆಗಲಲ್ಲಿ ಬಟುವಾ, ಗೋಡೆ ಹತ್ತೋಕೆ ಕಮಂದ್ ಅನ್ನೋ ಹಗ್ಗ, ಮೂರ್ಛೆ ಹೋದವರನ್ನ ಎಬ್ಬಿಸೋಕೆ ಲಖಲಖಾ. ಇದರಲ್ಲಿ ನನಗೆ ಬಹಳ ಹಿಡಿಸೋದು ಏನು ಗೊತ್ತಾ? ಐಯಾರ ಸಿಕ್ಕಿಬಿದ್ದರೆ ಕೊಲ್ಲೋ ಹಾಗಿಲ್ಲ, ಸೆರೆಯಲ್ಲಿಡಬೇಕು. ಯುದ್ಧ ಆಗಬೇಕಾದ ಕಡೆ ಜಾಣತನದಿಂದ, ರಕ್ತ ಹರಿಸದೆ ಗೆಲ್ಲೋದೇ ಅವರ ಹೆಚ್ಚುಗಾರಿಕೆ.

ಇಷ್ಟಾದ್ರೂ ಮೊದಲ ಪುಸ್ತಕ ಒಂದು ಒಳ್ಳೆ ಪ್ರೇಮಕತೆ, ಅಷ್ಟೇ. ನನ್ನ ಪ್ರಾಣ ಇರೋದು ಎರಡನೆಯದರಲ್ಲಿ, ‘ಚಂದ್ರಕಾಂತಾ ಸಂತತಿ’ಯಲ್ಲಿ. ಇಪ್ಪತ್ನಾಲ್ಕು ಭಾಗ! ಚಂದ್ರಕಾಂತೆಯ ಮಕ್ಕಳಾದ ಇಂದ್ರಜಿತ್ ಸಿಂಹ, ಆನಂದ ಸಿಂಹರ ಕತೆ. ಮೊದಲನೆಯದರಲ್ಲಿ ಶತ್ರುವಾಗಿದ್ದ ಶಿವದತ್ತನ ಮಗಳು ಕಿಶೋರಿಯೇ ಇಲ್ಲಿ ಹಿರಿಯ ಮಗನ ಮನಸ್ಸು ಗೆದ್ದವಳು. ಭೂಗೋಳವೂ ದೊಡ್ಡದಾಗುತ್ತೆ. ಅಲ್ಲಿ ನೌಗಢ, ವಿಜಯಗಢ, ಚುನಾರ. ಇಲ್ಲಿ ಗಯಾ, ರೋಹತಾಸಗಢ, ಜಮಾನಿಯಾ. ಪಟ್ನಾ ಕಡೆ ರೈಲಲ್ಲಿ ಹೋಗುವಾಗ ಬಕ್ಸರ್‌ಗಿಂತ ಮುಂಚೆ ಜಮಾನಿಯಾ ಸ್ಟೇಷನ್ ಸಿಗುತ್ತೆ. ನಿಮಗದು ಬರೀ ಸ್ಟೇಷನ್. ನನಗೆ ಮಾಯಾರಾಣಿಯ ರಾಜಧಾನಿ.

ಮಾಯಾರಾಣಿ ಎಂಥವಳು ಅಂತೀರಿ? ಗಂಡ ಗೋಪಾಲ ಸಿಂಹ ಸತ್ತ ಅಂತ ಊರಿಗೆಲ್ಲ ನಂಬಿಸಿ, ಅವನನ್ನ ವರ್ಷಗಟ್ಟಲೆ ಕತ್ತಲಕೋಣೆಯಲ್ಲಿ ಇಟ್ಟವಳು. ಅವಳಿಗೆ ಎದುರಾಗಿ ನಿಲ್ಲೋದು ಯಾವ ರಾಜಕುಮಾರನೂ ಅಲ್ಲ, ಕಮಲಿನಿ. ಕೆರೆ ನಡುವಿನ ತಿಲಿಸ್ಮಿ ಮನೆಯಲ್ಲಿ ಇದ್ಕೊಂಡು ಲೆಕ್ಕ ಹಾಕ್ತಾಳೆ, ಕುದುರೆ ಏರ್ತಾಳೆ, ಗಂಡಸರಿಗೆ ಕೆಲಸ ಹಂಚ್ತಾಳೆ. ನೂರಿಪ್ಪತ್ತು ವರ್ಷದ ಹಿಂದೆ ಹಿಂದಿಯಲ್ಲಿ ಇಂಥ ಹೆಣ್ಣನ್ನ ಬರೆದರಲ್ಲ! ಅವಳು ಮಾತಾಡೋ ಪುಟಗಳನ್ನ ನಾನು ಈಗಲೂ ಮತ್ತೆ ಮತ್ತೆ ತೆಗೆದು ಓದ್ತೀನಿ.

ಇನ್ನು ಭೂತನಾಥ. ಅವನ ಬಗ್ಗೆ ಹೇಳದಿದ್ರೆ ಏನೂ ಹೇಳಿದ ಹಾಗಲ್ಲ. ಅಸಾಧ್ಯ ಐಯಾರ. ಆದರೆ ಹಿಂದೆ ಮಾಡಬಾರದ್ದು ಮಾಡಿದಾನೆ. ಈಗ ಒಳ್ಳೆಯವನಾಗಿ ಹೆಸರು ತೊಳ್ಕೋಬೇಕು ಅಂತ ಒದ್ದಾಡ್ತಾನೆ. ಅಷ್ಟರಲ್ಲಿ ಹಳೇ ಕಾಗದಗಳ ಕಟ್ಟು ಹೊರಗೆ ಬರುತ್ತೆ. ಎಂಥ ಕತ್ತಿಗೂ ಹೆದರದ ಗಂಡು ಆ ಕಾಗದ ಕಂಡ್ರೆ ಗಡಗಡ ನಡುಗ್ತಾನೆ. ಕೊನೆಗೆ ದರ್ಬಾರಿನಲ್ಲಿ ವಿಚಾರಣೆ. ಅವನಿಗೆ ಶಿಕ್ಷೆ ಆಗಬೇಕೋ ಬೇಡವೋ ಅಂತ ನಾವೇ ಎರಡು ಮನಸ್ಸಾಗ್ತೀವಿ. ಓದುಗರು ಅವನನ್ನ ಎಷ್ಟು ಹಚ್ಚಿಕೊಂಡರು ಅಂದ್ರೆ ಖತ್ರಿಯವರು ಅವನದೇ ಜೀವನಕತೆಯಾಗಿ ‘ಭೂತನಾಥ’ ಶುರುಮಾಡಿದರು. ಅದನ್ನ ಮುಗಿಸೋದರೊಳಗೆ, 1913ರಲ್ಲಿ ತೀರಿಕೊಂಡರು. ಮಗ ದುರ್ಗಾಪ್ರಸಾದ ಖತ್ರಿ ಮುಂದುವರಿಸಿ ಮುಗಿಸಿದರು.

ಇಲ್ಲಿ ನನಗೊಂದು ತಕರಾರಿದೆ. ನಿಮ್ಮ ಯಜಮಾನರ ಬಿ.ಎಚ್.ಯು.ನಲ್ಲೇ ಪಾಠ ಹೇಳಿದ ದೊಡ್ಡ ವಿಮರ್ಶಕರು ರಾಮಚಂದ್ರ ಶುಕ್ಲರು. ತಮ್ಮ ಹಿಂದಿ ಸಾಹಿತ್ಯ ಚರಿತ್ರೆಯಲ್ಲಿ ಖತ್ರಿಯವರಷ್ಟು ಓದುಗರನ್ನ ಇನ್ಯಾರೂ ಹುಟ್ಟಿಸಲಿಲ್ಲ ಅಂತ ಧಾರಾಳವಾಗಿ ಒಪ್ಪಿಕೊಂಡರು. ಅದರ ಜೊತೆಗೇ, ಇವು ಬರೀ ಘಟನೆಗಳ ಮೇಲೆ ನಿಂತ ಕತೆಗಳು, ಸಾಹಿತ್ಯದ ಸಾಲಿಗೆ ಸೇರೋದಿಲ್ಲ ಅಂದರು. ಮೊದಲ ಪುಸ್ತಕಕ್ಕೆ ಆ ಮಾತು ಸಲ್ಲಬಹುದು ಅಕ್ಕಾ. ಭೂತನಾಥನ ನಡುಕಕ್ಕೆ ಸಲ್ಲೋದಿಲ್ಲ. ತಪ್ಪು ಮಾಡಿದವನು ಮತ್ತೆ ತಲೆ ಎತ್ತಿ ನಿಲ್ಲಬಹುದಾ ಅಂತ ಹದಿನಾಲ್ಕರ ಹುಡುಗ ಮೊದಲ ಸಲ ಕೇಳ್ಕೊಳ್ಳೋದು ಇಂಥ ಪುಟದ ಮುಂದೆ ಕೂತಾಗಲೇ. ಅದು ಸಾಹಿತ್ಯದ ಕೆಲಸ ಅಲ್ಲದೆ ಮತ್ತೇನು?

ಓದುಗರನ್ನ ಹುಟ್ಟಿಸಿದ್ದು ಅಂದೆನಲ್ಲ, ಅದೂ ಸಣ್ಣ ಮಾತಲ್ಲ. 1893ರಲ್ಲಿ ಇಲ್ಲಿನ ಕ್ವೀನ್ಸ್ ಕಾಲೇಜಿನ ವಿದ್ಯಾರ್ಥಿಗಳು ಸೇರ್ಕೊಂಡು ನಾಗರೀ ಪ್ರಚಾರಿಣೀ ಸಭಾ ಕಟ್ಟಿದರು. ಆಗ ಕಚೇರಿ, ಕೋರ್ಟಿನಲ್ಲೆಲ್ಲ ಉರ್ದು ಲಿಪಿ. 1900ರಲ್ಲಿ ಸರ್ಕಾರ ನಾಗರಿಗೂ ಜಾಗ ಕೊಟ್ಟಿತು. ಸಭೆ, ಅರ್ಜಿಗಳಿಂದ ಆದದ್ದು ಅದು. ಮನೆಮನೆಯಲ್ಲಿ ಆದದ್ದೇ ಬೇರೆ. ಉರ್ದು ಮಾತ್ರ ಬಲ್ಲವರು ‘ಚಂದ್ರಕಾಂತಾ’ ಓದಬೇಕು ಅಂತಲೇ ನಾಗರಿ ಅಕ್ಷರ ತಿದ್ದಿದರು. ಖತ್ರಿಯವರು 1898ರಲ್ಲಿ ಕಾಶಿಯಲ್ಲೇ ಲಹರಿ ಪ್ರೆಸ್ ಅಂತ ಸ್ವಂತ ಮುದ್ರಣಾಲಯ ಹಾಕಿದರು. ಒಂದು ಭಾಗ ಮುಗಿಸಿ, ಮುಂದಿನದು ಯಾವಾಗ ಅಂತ ದಾರಿ ಕಾದ ಹುಡುಗರನ್ನ ನೆನೆಸ್ಕೊಂಡ್ರೆ, ನಾವು ಚಂದಮಾಮದ ಮುಂದಿನ ಸಂಚಿಕೆಗೆ ಅಂಚೆಯವನ ದಾರಿ ಕಾಯ್ತಿದ್ದದ್ದು ನೆನಪಾಗುತ್ತೆ ನನಗೆ.

ನಾನು ಮದುವೆಯಾಗಿ ಈ ಹನುಮಾನ್ ಘಾಟಿಗೆ ಬಂದಾಗ ತರಕಾರಿ ಕೊಳ್ಳೋ ಹಿಂದಿಯೂ ಬರ್ತಿರಲಿಲ್ಲ. ಸುತ್ತ ನಾಲ್ಕು ಮನೆ ನಮ್ಮ ಕಡೆಯವರು ಇದ್ದದ್ದರಿಂದ ಕಲಿಯೋ ಅಗತ್ಯವೂ ಬೀಳಲಿಲ್ಲ. ಕಲಿಸಿದ್ದು ‘ಸಂತತಿ’ಯೇ. ಖತ್ರಿಯವರ ಹಿಂದಿ ಅಷ್ಟು ಸಲೀಸು. ಗೊತ್ತಿಲ್ಲದ ಪದ ಬಂದರೂ ನಿಲ್ಲಬೇಕು ಅನ್ನಿಸಲ್ಲ, ಮುಂದೇನಾಯ್ತು ಅನ್ನೋ ಆತುರವೇ ಅರ್ಥ ಹೇಳಿಕೊಡುತ್ತೆ.

ನಿಮ್ಮ ಹುಡುಗನಿಗೂ ಶಾಲೆಯಲ್ಲಿ ಹಿಂದಿ ಕಷ್ಟ ಅಂದಿದ್ರಲ್ಲ? ಸಂಜೆ ಕಳಿಸಿ. ಕೈಯಲ್ಲಿರೋದನ್ನ ಮುಗಿಸಲಿ ಪಾಪ, ಅರ್ಧಕ್ಕೆ ಬಿಡಿಸಬೇಡಿ. ‘ಚಂದ್ರಕಾಂತಾ’ ಒಂದೇ ಸಂಪುಟದಲ್ಲಿದೆ, ಮೊದಲು ಅದನ್ನ ಕೊಡ್ತೀನಿ. ‘ಸಂತತಿ’ ಆರು ಸಂಪುಟ, ಒಂದೊಂದಾಗಿ ಒಯ್ಯಲಿ. ಬೇಸಿಗೆ ರಜಕ್ಕೆ ಎಲ್ಲರೂ ಸೇರಿ ಚುನಾರ್ ಕೋಟೆಗೆ ಹೋಗೋಣ, ರಾಜದರಿ ಜಲಪಾತ ನೋಡ್ಕೊಂಡು ನೌಗಢದ ಕಾಡಿಗೂ ಹೋಗೋಣ. ನೀವೂ ಓದಿ, ಕಮಲಿನಿ ಬಂದ ಮೇಲೆ ನಿಮಗೇ ಬಿಡೋಕಾಗಲ್ಲ. ಒಂದೇ ಷರತ್ತು. ಮಾಯಾರಾಣಿಯ ಮದುವೆಯ ಗುಟ್ಟು ಯಾರಿಗೆ ಮೊದಲು ತಿಳಿಯುತ್ತೋ, ಅವರು ಇನ್ನೊಬ್ಬರು ಅಲ್ಲಿಗೆ ಬರೋವರೆಗೂ ಬಾಯಿ ಬಿಡಕೂಡದು.