ಚಿಂತೆ: ಬಳಕೆದಾರರ ಕೈಪಿಡಿ, ಪರೇಲ್ ಆವೃತ್ತಿ

ಈ ಉಪಕರಣವನ್ನು ನೀವು ಅಂಗಡಿಗೆ ಹೋಗಿ ಆರಿಸಿ ತಂದಿಲ್ಲ ಎಂಬುದು ನಮಗೆ ಗೊತ್ತು. ಊರಿನ ಡಾಕ್ಟರು ಚೀಟಿಯ ಮೇಲೆ ‘ಟಾಟಾ, ಮುಂಬೈ’ ಎಂದು ಬರೆದ ಗಳಿಗೆಯಲ್ಲೇ ಅದು ತಾನಾಗಿ ಮನೆಗೆ ಬಂದಿದೆ. ವಾಪಸಾತಿ ಇಲ್ಲ, ಬದಲಾವಣೆ ಇಲ್ಲ. ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ರಾತ್ರಿ ರೈಲು ಹತ್ತಿ ದಾದರ್‌ನಲ್ಲಿ ಇಳಿಯುವ ಕ್ರೈಸ್ತ ಕುಟುಂಬಗಳಿಗಾಗಿ ಈ ಕೈಪಿಡಿ. ಮೆಥಡಿಸ್ಟರು, ಕ್ಯಾಥೊಲಿಕರು, ಪೆಂತೆಕೊಸ್ತಿನವರು ಯಾರು ಬೇಕಾದರೂ ಬಳಸಬಹುದು. ಪಕ್ಕದ ಹಾಸಿಗೆಯ ಅನ್ಯಧರ್ಮದವರ ಹತ್ತಿರ ಇರುವುದೂ ಇದೇ ಕಂಪನಿಯ ಮಾಲು.

ಪೆಟ್ಟಿಗೆಯಲ್ಲಿ ಏನೇನಿದೆ

ಜವಳಿ ಅಂಗಡಿಯ ಹೆಸರು ಹೊತ್ತ ಒಂದು ಕೈಚೀಲ. ಅದರೊಳಗೆ ಫೈಲು, ಸಿಟಿ ಸ್ಕ್ಯಾನಿನ ದೊಡ್ಡ ಲಕೋಟೆ (ಚೀಲದಿಂದ ಅರ್ಧ ಹೊರಗೆ ಇಣುಕುತ್ತಿರಬೇಕು, ಇಲ್ಲವಾದರೆ ಅಸಲಿ ಅಲ್ಲ), ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಅಂಚು ಮಾಸಿದ ಹೊಸ ಒಡಂಬಡಿಕೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ. ದುಡ್ಡು ಸೊಂಟದ ಸಂಚಿಯಲ್ಲಿರುತ್ತದೆ. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರೆ ಉಪಕರಣ ಚಾಲೂ ಆಗಿದೆ ಎಂದು ತಿಳಿಯಿರಿ.

ಎಲ್ಲಿ ಜೋಡಿಸಬೇಕು

ಮುಂಬೈಯ ಪರೇಲಿನಷ್ಟು ಅನುಕೂಲದ ಜಾಗ ಇನ್ನೊಂದು ಸಿಗಲಿಕ್ಕಿಲ್ಲ. 1926ರ ಕೆಇಎಂ ಆಸ್ಪತ್ರೆ, 1929ರ ವಾಡಿಯಾ ಮಕ್ಕಳ ಆಸ್ಪತ್ರೆ, 1941ರ ಫೆಬ್ರವರಿ 28ರಂದು ಬಾಗಿಲು ತೆರೆದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಟಾಟಾ ಪಕ್ಕದ ರಸ್ತೆಗೆ ಅಲ್ಲಿಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಗೋವೆಯ ಕ್ರೈಸ್ತ ವೈದ್ಯ ಅರ್ನೆಸ್ಟ್ ಬೋರ್ಜೆಸ್ ಅವರ ಹೆಸರಿದೆ. ಖೋಲಿ ಸಿಗದವರು ಆಸ್ಪತ್ರೆಯ ಸುತ್ತಿನ ಫುಟ್‌ಪಾತಿನಲ್ಲಿ ತಾಡಪತ್ರಿ ಹಾಸಿಕೊಂಡು ಮಲಗುತ್ತಾರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಇಲ್ಲಿ ಸುಳ್ಳಾಗಿದೆ. ಬೆಸ್ಟ್ ಬಸ್ಸಿನ ಹಾರ್ನಿನ ನಡುವೆ ಇಲ್ಲಿ ಗೊರಕೆ ಹೊಡೆಯುವವರೆಲ್ಲ ಚಿಂತೆ ಇದ್ದವರೇ. ದಣಿವಿನ ಮುಂದೆ ಅದರ ಆಟವೂ ನಡೆಯುವುದಿಲ್ಲ.

ಚಾಲನೆ

ಉಪಕರಣಕ್ಕೆ ಇರುವುದು ಒಂದೇ ಗುಂಡಿ, ‘ನಾಳೆ’. ಒತ್ತಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ರಿಪೋರ್ಟ್ ಏನು ಬರುತ್ತದೋ. ಆಪರೇಷನ್ ಅಂದರೆ ಎಷ್ಟು ಖರ್ಚೋ. ಎರಡೆಕರೆ ಮಾರಬೇಕಾದೀತು. ಮಾರಿದರೆ ಮಗಳ ಮದುವೆ ಹೇಗೆ? ಊರಲ್ಲಿ ಎಮ್ಮೆ ಹಿಂಡುವವರು ಯಾರು? ಯಜಮಾನರು ಎದುರಿಗೇ ಕೂತು ವಡಾಪಾವ್ ತಿನ್ನುತ್ತಿರುವಾಗ, ಮನಸ್ಸಿನಲ್ಲಿ ಅವರ ಸಮಾಧಿಗೆ ಕಲ್ಲು ಹಾಕಿಸಿ ಮುಗಿದಿರುತ್ತದೆ.

ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಹಕ್ಕಿಗಳನ್ನೂ ಹೂವುಗಳನ್ನೂ ತೋರಿಸಿ ಆಡಿದ ಮಾತು ಸಭೆಯ ಕ್ಯಾಲೆಂಡರಿನಲ್ಲಿ ಬಣ್ಣಬಣ್ಣವಾಗಿ ಅಚ್ಚಾಗುತ್ತದೆ. ಅದೇ ಅಧ್ಯಾಯದ ಕೊನೆ ಅಷ್ಟಾಗಿ ಅಚ್ಚಾಗುವುದಿಲ್ಲ. ಅಲ್ಲಿ ಆತನು ಕಷ್ಟವೇ ಇಲ್ಲ ಎಂದಿಲ್ಲ. ಇವತ್ತಿಗೆ ಇವತ್ತಿನ ಕಷ್ಟ ಇದ್ದೇ ಇದೆ, ಅದರ ಮೇಲೆ ನಾಳೆಯದನ್ನು ಹೇರಿಕೊಳ್ಳಬೇಡಿ ಎಂಬ ಅರ್ಥದಲ್ಲಿ ಮಾತು ಮುಗಿಸಿದ್ದಾನೆ. ವಿಮೋಚನಕಾಂಡದ ಮನ್ನದ ಲೆಕ್ಕವೂ ಇದೇ. ಮರುಭೂಮಿಯಲ್ಲಿ ಜನರಿಗೆ ದಿನದಿನದ ಪಡಿ ಸಿಗುತ್ತಿತ್ತು. ಬೆಳಗಿನ ತನಕ ಕೂಡಿಟ್ಟವರದು ಹುಳ ಬಿದ್ದು ನಾರಿತು. ಆದರೆ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಕೊಳ್ಳಲು ಅಪ್ಪಣೆ ಇತ್ತು, ಅದು ಕೆಡಲೂ ಇಲ್ಲ. ಆದ್ದರಿಂದ ಮುಂದಿನ ಕೀಮೋದ ತಾರೀಕು ಬರೆದಿಟ್ಟುಕೊಳ್ಳುವುದು, ಧನಸಹಾಯದ ಅರ್ಜಿ ತುಂಬುವುದು, ಮರಳಿ ಹೋಗುವ ರೈಲಿಗೆ ರಿಸರ್ವೇಶನ್ ಮಾಡಿಸುವುದು ಚಿಂತೆಯಲ್ಲ. ಇವುಗಳಿಗೆ ಒಂದು ಕೊನೆ ಉಂಟು. ಮಾಡಿ ಮುಗಿಸಿದ ಮೇಲೂ ಅದೇ ಕಾಗದವನ್ನು ಮಡಿಚಿ, ಬಿಡಿಸಿ, ಮತ್ತೆ ಮಡಿಚಿ, ಮಡಿಕೆಯಲ್ಲಿ ಅಕ್ಷರ ಅಳಿಸುವ ತನಕ ನೋಡುತ್ತಿದ್ದರೆ ಮಾತ್ರ ಗುಂಡಿಯಿಂದ ಬೆರಳು ತೆಗೆಯಿರಿ.

ಎಚ್ಚರಿಕೆ: ಬಂಧುಗಳ ಕೈಗೆ ಕೊಡಬೇಡಿ

ಕಲ್ಯಾಣದಿಂದಲೋ ಭಾಂಡುಪದಿಂದಲೋ ನೋಡಲು ಬರುವವರು ಉಪಕರಣವನ್ನು ರಿಪೇರಿ ಮಾಡಲು ಹೊರಡುತ್ತಾರೆ. “ಚಿಂತಿ ಮಾಡಬ್ಯಾಡ್ರಿ ಅಕ್ಕಾ, ಚಿಂತಿ ಮಾಡೂದಂದ್ರ ಅವಿಶ್ವಾಸ” ಎಂದು ಹೇಳಿ, ಫಿಲಿಪ್ಪಿ ಪತ್ರಿಕೆ ನಾಲ್ಕನೇ ಅಧ್ಯಾಯ ಎಂದು ವಿಳಾಸ ಕೊಟ್ಟು, ಚಹಾ ಕುಡಿದು ಲೋಕಲ್ ಹಿಡಿಯಲು ಏಳುತ್ತಾರೆ. ಅಕ್ಕನಿಗೆ ಮೊದಲು ಇದ್ದದ್ದು ಕಾಯಿಲೆಯ ಚಿಂತೆ ಒಂದೇ. ಈಗ ತನ್ನ ವಿಶ್ವಾಸದ ಚಿಂತೆಯೂ ಸೇರಿ ಎರಡಾಯಿತು.

ಹೀಗೆ ಹೇಳುವವರು ಅದೇ ಪತ್ರಿಕೆಯಲ್ಲಿ ಎರಡು ಅಧ್ಯಾಯ ಹಿಂದಕ್ಕೆ ಹೋಗಿಲ್ಲ ಎಂದೇ ನನ್ನ ಗುಮಾನಿ. ಅಲ್ಲಿ ಎಪಫ್ರೊದೀತನೆಂಬ ಗೆಳೆಯ ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಅವನನ್ನು ನಿಮ್ಮಲ್ಲಿಗೆ ಕಳಿಸಿದರೆ ನನ್ನ ಸಂಕಟವೂ ಇಳಿದೀತು ಎಂದು ಪೌಲ ಸಂಕೋಚವಿಲ್ಲದೆ ಬರೆಯುತ್ತಾನೆ. ಸೆರೆಯಲ್ಲಿದ್ದುಕೊಂಡು ಯಾವುದಕ್ಕೂ ಚಿಂತಿಸಬೇಡಿ ಎಂದವನು ರೋಗಿಯೊಬ್ಬನಿಗಾಗಿ ಸಂಕಟಪಟ್ಟವನೂ ಹೌದು. ಅವನನ್ನು ಅವಿಶ್ವಾಸಿ ಎಂದವರನ್ನು ನಾನು ಕಂಡಿಲ್ಲ. ಪರೇಲಿನ ಅಕ್ಕನಿಗೆ ಮಾತ್ರ ಬೇರೆ ಕಾನೂನು ಯಾಕೆ?

ದೋಷ ಪತ್ತೆ

ರಾತ್ರಿ ಎರಡು ಗಂಟೆಗೆ ಉಪಕರಣ ತಾನಾಗಿ ಚಾಲೂ ಆಗುವುದು ಸಾಮಾನ್ಯ ದೂರು. ಮೊದಲು ಊಟವಾಗಿದೆಯೇ ನೋಡಿ. ಇದು ತಮಾಷೆಯಲ್ಲ. ಪ್ರವಾದಿ ಎಲೀಯ ಅಡವಿಯ ಗಿಡದ ಕೆಳಗೆ ಕೂತು ಸಾವನ್ನೇ ಬೇಡಿದಾಗ ದೇವದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರ ಜೊತೆಗಿನ ಮಾತುಕತೆ ನಲವತ್ತು ದಿನ ಕಳೆದ ಮೇಲೆ. ರೋಗಿಗೆ ಊಟ ಮಾಡಿಸಿ ತಾವು ಬರೀ ಚಹಾದ ಮೇಲೆ ದಿನ ದೂಡುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆಮೇಲೂ ನಿಲ್ಲದಿದ್ದರೆ ಪ್ರಾರ್ಥನೆ. ಸುತ್ತುಬಳಸು ಬೇಡ. ‘ನಿನ್ನ ಚಿತ್ತವೇ ಆಗಲಿ’ ಎಂದು ನೇರ ಕೊನೆಗೆ ಹಾರಿದರೆ ಅರ್ಜಿ ಪೂರ್ತಿಯಾಗುವುದಿಲ್ಲ. ‘ನಾಳೆ ಹನ್ನೊಂದಕ್ಕೆ ರಿಪೋರ್ಟ್ ಬರತದ, ನನಗ ಅಂಜಿಕಿ ಆಗ್ಯಾದ’ ಎಂಬುದು ಮೊದಲು ಬರಲಿ. ಗೆತ್ಸೇಮನೆ ತೋಟದಲ್ಲಿ ಕ್ರಮ ಹೀಗೇ ಇತ್ತು. ಈ ಪಾತ್ರೆ ನನ್ನಿಂದ ದಾಟಿಹೋಗಲಿ ಎಂದು ಕೇಳಿದ ಮೇಲೆಯೇ ತಂದೆಯ ಚಿತ್ತದ ಮಾತು ಬಂದದ್ದು, ಆ ಮಾತಿನ ಮೇಲೂ ಬೆವರು ಸುರಿಯಿತು.

ಪ್ರಾರ್ಥನೆ ಮಾಡಿದೆವು, ಇನ್ನು ಕೀಮೋ ಬೇಡ ಎಂದು ಚೀಲ ಕಟ್ಟುವವರಿಗೆ ಇಲ್ಲಿಂದ ಕೂಗಳತೆಯಲ್ಲಿರುವ ಹಾಫ್‌ಕಿನ್ ಸಂಸ್ಥೆಯನ್ನು ತೋರಿಸಿ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿ ಇದ್ದದ್ದು ಕ್ರೈಸ್ತ ಸನ್ಯಾಸಿಗಳ ಮಠ. ಆಮೇಲೆ ಗವರ್ನರ್ ಬಂಗಲೆಯಾಯಿತು. 1899ರಲ್ಲಿ ವಿಜ್ಞಾನಿ ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆಯ ಪ್ರಯೋಗಾಲಯ ಅಲ್ಲಿಗೆ ಬಂತು. ಪ್ರಾರ್ಥನೆ ನಡೆದ ಜಾಗದಲ್ಲಿ ಲಸಿಕೆ ತಯಾರಾದರೆ ದೇವರಿಗೆ ಅವಮಾನವಾಯಿತೆಂದು ಪರೇಲ್ ತಿಳಿದಿಲ್ಲ.

ಸರ್ವಿಸ್ ಸೆಂಟರ್

ಹಣ, ವಸತಿಯ ತಾಪತ್ರಯವನ್ನು ಟಾಟಾ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಬಾಯಿಬಿಟ್ಟು ಹೇಳಿ. ದಾದರ್‌ನಲ್ಲಿ ಗಾಡಗೆ ಮಹಾರಾಜರ ಧರ್ಮಶಾಲೆ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ಬಂದ ಮಕ್ಕಳು ಮತ್ತು ಅವರ ತಂದೆತಾಯಿಗಳಿಗೆ, 2006ರಲ್ಲಿ ಶುರುವಾದ ಸೇಂಟ್ ಜೂಡ್ ಕೇಂದ್ರಗಳು ಪುಕ್ಕಟೆ ವಸತಿ ಕೊಡುತ್ತವೆ. ನೋಡಲು ಬರುವವರು ವಚನದ ವಿಳಾಸದ ಜೊತೆಗೆ ಒಂದು ಊಟದ ಡಬ್ಬಿಯನ್ನೂ ತನ್ನಿ. ಇಷ್ಟಾಗಿಯೂ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುವುದು ನಿಲ್ಲದಿದ್ದರೆ, ಅದು ವಿಶ್ವಾಸದ ಕೊರತೆಯಲ್ಲ, ಡಾಕ್ಟರಿಗೆ ಹೇಳಬೇಕಾದ ವಿಷಯ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.