ಬಿ.ಎಡ್. ಗುಣಾಭಾವ ನಿರೂಪಣಂ

ವೈಶೇಷಿಕ ದರ್ಶನವು ಜಗತ್ತಿನ ಸಮಸ್ತ ವಸ್ತುಜಾತವನ್ನು 7 ಪದಾರ್ಥಗಳಲ್ಲಿ ಅಡಗಿಸಿದಂತೆ, 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್ ಸಂಸ್ಥೆಯು ಉನ್ನತ ಶಿಕ್ಷಣದ ಸಮಸ್ತ ಗುಣಜಾತವನ್ನು 7 ಮಾನದಂಡಗಳಲ್ಲಿ ಅಡಗಿಸಿರುವುದು ಕೇವಲ ಕಾಕತಾಳೀಯವೆಂದು ವಿದ್ವಜ್ಜನರು ಭಾವಿಸಲಾಗದು. ಕಣಾದ ಮಹರ್ಷಿಯು ಎಣಿಸಿದ್ದು ಆರೇ ಪದಾರ್ಥಗಳೆಂದೂ, ಏಳನೆಯದಾದ ಅಭಾವವನ್ನು ತರುವಾಯದವರು ಸೇರಿಸಿದರೆಂದೂ ಬಲ್ಲವರು ಹೇಳುವರು. ನಮ್ಮ ಅಧ್ಯಾಪಕಶಿಕ್ಷಣದ ಗುಣವನ್ನು ನಿರ್ಣಯಿಸಹೊರಟವನಿಗಾದರೋ ಆ ಏಳನೆಯದೊಂದೇ ಸಾಕು.

ಅಭಾವವು ಚತುರ್ವಿಧವಷ್ಟೆ. ಮೊದಲನೆಯದು ಪ್ರಾಗಭಾವ, ಇದು ಅನಾದಿ, ಆದರೆ ಸಾಂತ. ಪರಿಶೀಲನಾ ತಂಡದ ಆಗಮನವಾರ್ತೆ ಮುಟ್ಟುವ ತನಕ ಸಭೆಗಳ ನಡವಳಿಯೂ, ಪ್ರಶಿಕ್ಷಣಾರ್ಥಿಗಳ ಹಾಜರಿಯೂ, ಮನೋವಿಜ್ಞಾನ ಪ್ರಯೋಗಾಲಯದ ಬೀಗದ ಕೈಯೂ ಈ ರೂಪದಲ್ಲಿಯೇ ಇದ್ದು, ವಾರ್ತೆ ಮುಟ್ಟಿದೊಡನೆ ಐದು ವರ್ಷಗಳ ನಡವಳಿಗಳು ಒಂದೇ ರಾತ್ರಿಯಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಮಸಿಯಿಂದ ಪ್ರಾದುರ್ಭವಿಸುವುವು. ಎರಡನೆಯದು ಪ್ರಧ್ವಂಸಾಭಾವ, ತಂಡದ ಕಾರು ಮಹಾದ್ವಾರವನ್ನು ದಾಟಿದ ಕ್ಷಣದಲ್ಲಿ ಹುಟ್ಟುವ ಇದಕ್ಕೆ, ಶಾಸ್ತ್ರವು ವಿಧಿಸಿರುವಂತೆಯೇ, ಆದಿಯುಂಟು, ಅಂತ್ಯವಿಲ್ಲ. ಮೂರನೆಯದು ಅನ್ಯೋನ್ಯಾಭಾವ: ಘಟವು ಹೇಗೆ ಪಟವಲ್ಲವೋ ಹಾಗೆ ಕಡತವು ತರಗತಿಯಲ್ಲ. ತ್ರಿಕಾಲದಲ್ಲಿಯೂ ಇಲ್ಲದಿರುವ ಅತ್ಯಂತಾಭಾವಕ್ಕೆ, ಅಭ್ಯಾಸಶಾಲೆಯ ಎಂಟನೆಯ ತರಗತಿಯ ಹುಡುಗನಿಗೆ ಪಾಠ ತಿಳಿಯಿತೇ ಎಂಬ ಪ್ರಶ್ನೆಯೇ ನಿದರ್ಶನ.

ಇಲ್ಲಿ ಪೂರ್ವಪಕ್ಷಿಯು, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ವರದಿಯನ್ನೊಪ್ಪಿಸಿ, 2015ರಿಂದ ಬಿ.ಎಡ್. ವ್ಯಾಸಂಗವು ಒಂದು ವರ್ಷದಿಂದ ಎರಡಕ್ಕೆ ಬೆಳೆದ ಮೇಲೆ ಗುಣವೂ ದ್ವಿಗುಣವಾಗದಿರುವುದುಂಟೆ ಎಂದು ಆಕ್ಷೇಪಿಸಿಯಾನು. ಸಮಾಧಾನವಿಷ್ಟೆ: ಹರ್ಬಾರ್ಟನು ಬೋಧನೆಗೆ ನಾಲ್ಕೇ ಹಂತಗಳನ್ನು ಹೇಳಿರಲು, ಶಿಷ್ಯರು ಅವನ್ನು ಐದಾಗಿಸಿದರು, ಅದರಿಂದ ನಮ್ಮ ಪಾಠಯೋಜನೆಯ ಹಾಳೆಯಲ್ಲಿ ಗೆರೆಗಳು ಹೆಚ್ಚಿದುವೇ ಹೊರತು, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ಕೊನೆಯವರೆಗೆ ಕೇಳುವ ಮೇಲ್ವಿಚಾರಕರು ಹೆಚ್ಚಲಿಲ್ಲ. ಐದು ನಿಮಿಷ ನಿಂತು, ‘ಧ್ವನಿ ಸ್ಫುಟವಾಗಿದೆ, ಕಪ್ಪುಹಲಗೆಯ ಬಳಕೆ ಉತ್ತಮ’ ಎಂದು ಬರೆದು ರುಜು ಹಾಕುವವರಿಗೆ ಮಾತ್ರ ಅಭಾವವೆಂಬುದು ಯಾವ ಪ್ರಭೇದದಲ್ಲಿಯೂ ಕಾಣಬರದು.

ಆದಕಾರಣ ನಿಗಮನವೇನೆಂದರೆ, ಮಾನ್ಯ ಪರಿಶೀಲಕರು ಕಡತಗಳನ್ನು ಕಾಲೇಜಿನ ಕಪಾಟಿನಲ್ಲಿಯೇ ಬಿಟ್ಟು, ಮುನ್ಸೂಚನೆಯಿಲ್ಲದೆ ಅಭ್ಯಾಸಶಾಲೆಗೆ ಹೋಗಿ, ಒಂದು ಪಾಠವನ್ನು ಆದ್ಯಂತವಾಗಿ ಕೇಳಿ, ಬಳಿಕ ಆ ಮಕ್ಕಳನ್ನೇ ವಿಚಾರಿಸತಕ್ಕದ್ದು. ಇದಕ್ಕೆ ತಗಲುವ ವೆಚ್ಚವು ಅವರ ಸ್ವಾಗತದ ಹೂಗುಚ್ಛಗಳ ವೆಚ್ಚಕ್ಕಿಂತ ಕಡಮೆ.